ಲಾಟ್ವಿಯಾದ ‘ಗೊವ್ಸ್’, ನಮ್ಮನಿ ಆಕಳು

ಹೋದ ತಿಂಗಳು ನಮ್ಮೂರಿನ ವಾಟ್ಸ್ಯಾಪ್ ಗ್ರೂಪಿಗೆ ಒಂದು ಮೆಸೇಜ್ ಫಾರ್ವರ್ಡ್ ಮಾಡಿದ್ದೆ. ‘ಯುರೋಪಿನ ಲಾಟ್ವಿಯಾದಲ್ಲೂ ಹಸುವಿಗೆ ಗೋವು ಅಂತಾರೆ. ಜಗತ್ತಿನ ಎಲ್ಲ ಭಾಷೆಗಳೂ ಸಂಸ್ಕೃತದಿಂದಲೇ ಹುಟ್ಟಿವೆ’ ಅಂತ. ಪತ್ರಿಕೋದ್ಯಮ ಓದಿದವನು ನಾನು, ಆದರೂ ಪರಿಶೀಲಿಸದೆ ಕಳಿಸಿದೆ. ಸಂಜೆ ಅವ್ವನಿಗೂ ಓದಿ ಹೇಳಿದೆ. ಆಗಷ್ಟೇ ಹಾಲು ಹಿಂಡಿಕೊಂಡು ಬಂದಿದ್ದ ಅವ್ವ, ‘ನಮ್ಮನ್ಯಾಗ ಆಕಳ ಅಂತೀವಪಾ. ಗೋವು ಅಂತ ಯಾರ್ ಕರೀತಾರ?’ ಅಂದಳು.

ಆ ಮಾತು ತಲೆಯಲ್ಲಿ ಕೂತಿತು. ಹುಡುಕಲು ಶುರು ಮಾಡಿದೆ.

ಮೆಸೇಜಿನ ಮೊದಲ ಭಾಗ ಹೆಚ್ಚುಕಡಿಮೆ ಸರಿ. ಬಾಲ್ಟಿಕ್ ಸಮುದ್ರದ ದಂಡೆಯಲ್ಲಿರುವ ಲಾಟ್ವಿಯಾದಲ್ಲಿ 20 ಲಕ್ಷಕ್ಕಿಂತ ಕಡಿಮೆ ಜನ ಇದ್ದಾರೆ. ಅವರು ಹಸುವಿಗೆ ‘ಗೊವ್ಸ್’ ಅನ್ನುತ್ತಾರೆ. ಮುದ್ದಿನಿಂದ ಕರೆದರೆ ‘ಗೊತಿನ್ಯಾ’. ಆ ಹೆಸರಿನ ಹಾಲಿನ ಮಿಠಾಯಿಯೂ ಅಲ್ಲಿ ಸಿಗುತ್ತದೆ! ಸಂಸ್ಕೃತದಲ್ಲಿ ‘ಗೌಃ’. ಅದರ ಕೊನೆಯ ವಿಸರ್ಗವೂ ಮೂಲದಲ್ಲಿ ‘ಸ್’ ಸದ್ದೇ. ಇಂಗ್ಲಿಷಿನ ‘ಕೌ’, ಗ್ರೀಕಿನ ‘ಬೂಸ್’ ಕೂಡ ಇದೇ ಬಳಗದವು. ಬಹಳ ಹಿಂದಿನ ಒಂದು ಭಾಷೆಯಲ್ಲಿ ತುಟಿ ದುಂಡಗೆ ಮಾಡಿ ಹೇಳುವ ‘ಗ್ವ’ದಂಥ ಸದ್ದಿತ್ತು. ಅದು ಸಂಸ್ಕೃತ, ಲಾಟ್ವಿಯನ್‌ನಲ್ಲಿ ‘ಗ’ ಆಯಿತು, ಇಂಗ್ಲಿಷಿನಲ್ಲಿ ‘ಕ’, ಗ್ರೀಕಿನಲ್ಲಿ ‘ಬ’. ಒಂದೇ ಪದ ಹೋಲಿದರೆ ನಂಬಬೇಕಿಲ್ಲ. ನೊಗಕ್ಕೆ ಸಂಸ್ಕೃತದಲ್ಲಿ ‘ಯುಗ’, ಲಾಟ್ವಿಯನ್‌ನಲ್ಲಿ ‘ಯೂಗ್ಸ್’, ಇಂಗ್ಲಿಷಿನಲ್ಲಿ ‘ಯೋಕ್’. ಇಲ್ಲೂ ‘ಗ’ ಇದ್ದಲ್ಲಿ ಇಂಗ್ಲಿಷಿಗೆ ‘ಕ’ ಬಂದಿದೆ ನೋಡಿ.

ಎರಡನೇ ಭಾಗ ಮಾತ್ರ ತಪ್ಪು. ಲಾಟ್ವಿಯನ್ ಸಂಸ್ಕೃತದ ಮಗಳಲ್ಲ, ದೂರದ ಅಕ್ಕತಂಗಿಯರು ಅವರು. ಇಂಥ ಭಾಷೆಗಳಿಗೆಲ್ಲ ಒಂದೇ ಮೂಲ ಇದ್ದಿರಬೇಕು, ಅದು ಈಗ ಉಳಿದಿರಲಿಕ್ಕಿಲ್ಲ ಎಂದು ವಿಲಿಯಂ ಜೋನ್ಸ್ 1786ರಲ್ಲೇ ಕಲ್ಕತ್ತೆಯಲ್ಲಿ ಹೇಳಿದ್ದ. ನಮ್ಮ ಕನ್ನಡದ ಮನೆತನವೇ ಬೇರೆ. ತಮಿಳು, ತೆಲುಗು, ಕನ್ನಡ ಒಂದೇ ಬಳಗ, ಸಂಸ್ಕೃತದಿಂದ ಹುಟ್ಟಿದ್ದಲ್ಲ ಎಂದು ಮದರಾಸಿನಲ್ಲಿದ್ದ ಎಲ್ಲಿಸ್ 1816ರಲ್ಲಿ ತೋರಿಸಿಕೊಟ್ಟ. ‘ಗೋವು’ ನಮ್ಮಲ್ಲಿಗೆ ಬಂದ ನೆಂಟ. ಆಕಳು, ಎಮ್ಮೆ, ಕರು, ಹಾಲು ಮನೆಯವರು. ನಾನು ನಮ್ಮದೇ ಅಂದುಕೊಂಡಿದ್ದ ‘ಹಸು’ ಕೂಡ ‘ಪಶು’ವಿನ ತದ್ಭವ! ಅವ್ವ ಹೇಳಿದ್ದೇ ಖರೆ.

ಗ್ರೂಪಿನಲ್ಲಿ ‘ತಪ್ಪು ಕಳಿಸಿದ್ದೆ’ ಅಂತ ಬರೆದೆ. ಹಳೇ ಮೆಸೇಜಿಗೆ ನಲವತ್ತು ಹೆಬ್ಬೆಟ್ಟು ಬಿದ್ದಿದ್ದವು, ಇದಕ್ಕೆ ಮೂರು. ಅವ್ವನಿಗೆ ಕೊಟ್ಟಿಗೆಯಲ್ಲೇ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ‘ಅಲ್ಲಿ ಆಕಳ ಎಷ್ಟ್ ಹಾಲ್ ಕೊಡ್ತಾವಂತ?’ ಅಂದಳು. ಅದನ್ನು ನಾನು ನೋಡಿರಲೇ ಇಲ್ಲ.