ನಗಿಸುವ ಕಂಠಕ್ಕೆ ಕೂಲಿ ಕಡಿಮೆ!

ಕಿಶೋರ್ ಕುಮಾರ್ ಕನ್ನಡದಲ್ಲಿ ಹಾಡಿದ್ದು ಎಷ್ಟು ಹಾಡು? ಬಸ್‌ಸ್ಟ್ಯಾಂಡ್ ಕಟ್ಟೆ ಮೇಲೆ ಕೂತು ಚಹಾಕ್ಕೆ ಪಂದ್ಯ ಕಟ್ಟುವ ಮಿತ್ರರೇ, ಉತ್ತರ ನಿಮ್ಮ ನಾಲಿಗೆ ತುದಿಯಲ್ಲೇ ಇದೆ. ಒಂದೇ ಒಂದು! 1972ರ ‘ಕುಳ್ಳ ಏಜೆಂಟ್ 000’ ಚಿತ್ರದ ‘ಆಡು ಆಟ ಆಡು’. ನಿರ್ದೇಶನ ಕೆ.ಎಸ್.ಎಲ್. ಸ್ವಾಮಿ, ಸಂಗೀತ ರಾಜನ್–ನಾಗೇಂದ್ರ, ತೆರೆ ಮೇಲೆ ನಮ್ಮ ದ್ವಾರಕೀಶ್. 1968ರಲ್ಲಿ ಅಣ್ಣಾವ್ರು ‘ಜೇಡರ ಬಲೆ’, ‘ಗೋವಾದಲ್ಲಿ ಸಿ.ಐ.ಡಿ. 999’ ಮಾಡಿ ಗೆದ್ದಿದ್ದರಲ್ಲ, ಆ ಗೂಢಚಾರಿ ಕೋಟನ್ನು ಕುಳ್ಳನಿಗೆ ತೊಡಿಸಿದ ತಮಾಷೆ ಅದು.

ಆ ಹಾಡಿನ ನಡುವೆ ಗಂಟಲು ಪಲ್ಟಿ ಹೊಡೆಯುವುದನ್ನು ಕೇಳಿದ್ದೀರಲ್ಲ? ಅದಕ್ಕೆ ಯೋಡ್ಲಿಂಗ್ ಎನ್ನುತ್ತಾರೆ. ಎದೆಯಿಂದ ಹೊರಟ ದನಿ ಥಟ್ಟನೆ ಮೇಲಕ್ಕೆ ಜಿಗಿದು ಕೀಚಲಾಗಬೇಕು, ಮತ್ತೆ ಕೆಳಗಿಳಿಯಬೇಕು. ಆ ಜಿಗಿತದಲ್ಲಿ ದನಿ ಒಂದು ಕ್ಷಣ ಸೀಳುತ್ತದೆ. ಬೇರೆ ಗಾಯಕರು ವರ್ಷಗಟ್ಟಲೆ ಸಾಧನೆ ಮಾಡಿ ಮುಚ್ಚಿಡುವುದು ಆ ಸೀಳನ್ನೇ. ಯೋಡ್ಲಿಂಗ್‌ನವನು ಅದನ್ನೇ ಎತ್ತಿ ತೋರಿಸುತ್ತಾನೆ. ಆಲ್ಪ್ಸ್ ಬೆಟ್ಟದ ದನಗಾಹಿಗಳು ಒಂದು ಇಳಿಜಾರಿನಿಂದ ಇನ್ನೊಂದಕ್ಕೆ ಕೂಗಿ ಕರೆಯುತ್ತಿದ್ದ ಪರಿ ಇದು. ಅಮೆರಿಕದ ಕಂಟ್ರಿ ಸಂಗೀತ, ಅಂದರೆ ಅಲ್ಲಿನ ಹಳ್ಳಿಗಾಡಿನ ಹಾಡು, ಇದನ್ನು ತನ್ನದಾಗಿಸಿಕೊಂಡಿತು. ರೈಲ್ವೆಯಲ್ಲಿ ಬ್ರೇಕ್ ಹಾಕುವ ಕೆಲಸದಲ್ಲಿದ್ದ ಜಿಮ್ಮಿ ರಾಡ್ಜರ್ಸ್ 1927ರಿಂದ ರೆಕಾರ್ಡು ಕೊಟ್ಟು ಮನೆಮಾತಾದ. ಕ್ಷಯ ಹಿಡಿದು 1933ರಲ್ಲಿ ತೀರಿಕೊಂಡಾಗ ಅವನಿಗಿನ್ನೂ 35. ಅವನ ಮತ್ತು ಟೆಕ್ಸ್ ಮಾರ್ಟನ್‌ನ ರೆಕಾರ್ಡು ಕೇಳಿಯೇ ಖಂಡ್ವಾದ ಹುಡುಗ ಕಿಶೋರ್ ಈ ವಿದ್ಯೆ ಹಿಡಿದರು ಎನ್ನುತ್ತಾರೆ. ಗುರು ಇಲ್ಲ, ಶಾಸ್ತ್ರೀಯ ಪಾಠವೂ ಇಲ್ಲ.

ನಮ್ಮ ದಾದಾನಿಗಂತೂ ರೆಕಾರ್ಡೂ ಇರಲಿಲ್ಲ. ಎಮ್ಮೆ ಇದ್ದವು!

ನಾನು ಜೋಯಿಡಾ ತಾಲೂಕಿನ ಕುಂಬಾರವಾಡದವನು. ಸುತ್ತ ಕಾಡು, ಉಳವಿಗೆ ಹೋಗುವ ದಾರಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಸಿನಿಮಾ ನೋಡಬೇಕೆಂದರೆ ಬಸ್ ಹತ್ತಬೇಕು. ದೊಡ್ಡಪ್ಪನ ಮಗ ದಾದಾ ನನಗಿಂತ ಏಳು ವರ್ಷ ದೊಡ್ಡವನು. ಸಂಜೆ ಎಮ್ಮೆ ಮನೆಗೆ ಬರದಿದ್ದರೆ ದಿಬ್ಬ ಹತ್ತಿ ಕೂಗುತ್ತಿದ್ದ. ಆ ಕೂಗು ಮಧ್ಯದಲ್ಲಿ ಮುರಿದು ಮೇಲೇರಿ ಕಣಿವೆಯ ಆಚೆ ತಲುಪುತ್ತಿತ್ತು. ಮುಂದೆ ಯಾರದೋ ಮೊಬೈಲಿನಲ್ಲಿ ಕುಳ್ಳನ ಹಾಡು ಕೇಳಿ, ‘ಅರೇ, ಇದು ನಮ್ಮ ಎಮ್ಮೀ ಕೂಗಲ್ಲೇನೋ?’ ಅಂದ. ಅಂದಿನಿಂದ ಅವನು ಆರ್ಕೆಸ್ಟ್ರಾದವನಾದ. ಚೌತಿ ಪೆಂಡಾಲು, ಜಾತ್ರೆ, ಮದುವೆ. ಜೋಯಿಡಾ, ದಾಂಡೇಲಿ, ಹಳಿಯಾಳ. ಅವನ ಹಿಂದೆ ತಿರುಗುತ್ತಲೇ ನಾನು ಪಿಯುಸಿಗೆ ಕೈಮುಗಿದು, ಸಿನಿಮಾ ಬಗ್ಗೆ ಬರೆಯುವ ಈ ದಂಧೆಗೆ ಬಿದ್ದೆ.

ಕಿಶೋರರ ‘ಹಾಫ್ ಟಿಕೆಟ್’ (1962) ನೋಡಿದ್ದೀರಾ? ಸಲಿಲ್ ಚೌಧರಿ ಸಂಗೀತದಲ್ಲಿ ಪ್ರಾಣ್ ಎದುರು ಹೆಣ್ಣುವೇಷದಲ್ಲಿ ಕುಣಿಯುವ ಹಾಡೊಂದಿದೆ. ಹೆಣ್ಣುದನಿ ಲತಾ ಅವರದಾಗಬೇಕಿತ್ತಂತೆ. ಅವರು ಸಿಗಲಿಲ್ಲ, ಕಿಶೋರ್ ಎರಡೂ ದನಿ ತಾವೇ ಹಾಡಿಬಿಟ್ಟರು. ದಾದಾ ಇದನ್ನು ಸ್ಟೇಜ್ ಮೇಲೆ ಮಾಡುತ್ತಾನೆ. ಅರ್ಧ ಮೈಗೆ ದುಪಟ್ಟಾ, ಇನ್ನರ್ಧಕ್ಕೆ ಕೋಟು. ಎಡಕ್ಕೆ ತಿರುಗಿದರೆ ಹೆಣ್ಣು, ಬಲಕ್ಕೆ ತಿರುಗಿದರೆ ಗಂಡು. ಶಿಳ್ಳೆ ಬೀಳುವುದು ಅವನಿಗೇ. ಆದರೆ ಪಗಾರ? ಪ್ರೇಮಗೀತೆ ಹಾಡುವವನಿಗೆ ರಾತ್ರಿಗೆ 1500, ದಾದಾನಿಗೆ 600. ಪಟ್ಟಿಯಲ್ಲಿ ಉಳಿದವರ ಮುಂದೆ ‘ಗಾಯಕರು’ ಅಂತಿದ್ದರೆ ಇವನ ಮುಂದೆ ‘ಕಾಮಿಡಿ ಐಟಂ’. ಹೋದ ವರ್ಷ ಒಂದು ಕಡೆ, ‘ನಾನೂ ಒಂದ್ ದುಃಖದ ಹಾಡು ಹಾಡ್ತೀನಿ’ ಅಂತ ಕೇಳಿದ. ಮೈಕ್ ಹಿಡಿದಿದ್ದ ಸಂಘಟಕ ನಕ್ಕುಬಿಟ್ಟ. ‘ನೀ ಅತ್ರೂ ಮಂದಿ ನಗತಾರೋ ಮಾರಾಯಾ!’

ಅವತ್ತಿನಿಂದ ದಾದಾ ಗೋವಾದ ಮಾತು ತೆಗೆದಿದ್ದಾನೆ. ಅಲ್ಲೊಂದು ಕಡೆ ಟೆಂಪೋ ಓಡಿಸುವ ಕೆಲಸ, ತಿಂಗಳ ಸಂಬಳ.

ಹೋಗಬೇಡ ಅನ್ನಲು ನನ್ನ ಹತ್ತಿರ ಇದ್ದದ್ದು ಕಿಶೋರ್ ಕಥೆ ಮಾತ್ರ. ಅವರು ಮೊದಲು ಹೀರೋಗೆ ದನಿ ಕೊಟ್ಟದ್ದು 1948ರ ‘ಜಿದ್ದಿ’ಯಲ್ಲಿ, ದೇವ್ ಆನಂದ್‌ಗೆ. 1954ರ ‘ನೌಕರಿ’ಗೆ ಅವರೇ ನಾಯಕ. ಆದರೂ ಅದೇ ಸಲಿಲ್‌ದಾ, ಪಾಠ ಆಗದವನ ಕೈಗೆ ಹಾಡು ಕೊಡಲು ಹಿಂದೆಮುಂದೆ ನೋಡಿದ್ದರು. ದನಿ ಕೇಳಿದ ಮೇಲೆ ಕೊಟ್ಟರು. ಇದಾದರೂ ಸರಿ. 1958ರ ‘ರಾಗಿಣಿ’ ಕಥೆ ಕೇಳಿ. ಅದೇ ವರ್ಷ ‘ಚಲ್ತಿ ಕಾ ನಾಮ್ ಗಾಡಿ’ಯಲ್ಲಿ ಮೂವರು ಅಣ್ಣತಮ್ಮಂದಿರು ದೇಶವನ್ನೇ ನಗಿಸಿದ್ದರು. ‘ರಾಗಿಣಿ’ಯಲ್ಲಿ ಒಂದು ರಾಗಪ್ರಧಾನ ಗೀತೆ ಬಂತು. ತೆರೆ ಮೇಲೆ ಕಿಶೋರ್, ಓ.ಪಿ. ನಯ್ಯರ್ ಹಾಡಿಸಿದ್ದು ಮಾತ್ರ ಮೊಹಮ್ಮದ್ ರಫಿ ಅವರಿಂದ! ರಫಿ ಸಾಹೇಬರು ದೊಡ್ಡವರೇ, ಹಾಡೂ ಅಮೃತವೇ. ಆದರೂ ಹಾಡುಗಾರನೊಬ್ಬ ಬೇರೆಯವನ ಹಾಡಿಗೆ ತುಟಿ ಆಡಿಸುವುದನ್ನು ನೋಡುವಾಗ ನನಗೆ ದಾದಾನ ದುಪಟ್ಟಾ ನೆನಪಾಗುತ್ತದೆ.

1969ರಲ್ಲಿ ‘ಆರಾಧನಾ’ ಬಂತು. ಎಸ್.ಡಿ. ಬರ್ಮನ್ ಸಂಗೀತ, ರಾಜೇಶ್ ಖನ್ನಾಗೆ ಕಿಶೋರ್ ದನಿ. ಮೊದಲ ಫಿಲಂಫೇರ್ ಪ್ರಶಸ್ತಿ. ಮುಂದೆ ಒಟ್ಟು ಎಂಟಾದವು. ಉಳಿದದ್ದು ನಿಮಗೆಲ್ಲ ಗೊತ್ತು. ಗೊತ್ತಿದ್ದರೂ ಗಮನಿಸದ ಸಂಗತಿ ಒಂದಿದೆ: ದ್ವಾರಕೀಶರ ಪಿಕ್ಚರಿಗೆ ಹಾಡಿದ್ದು ಇದಾದ ಮೂರು ವರ್ಷಕ್ಕೆ. ಪ್ರೇಮಗೀತೆಗಳ ದೊರೆಯಾಗಿದ್ದಾಗ ಗೊತ್ತಿಲ್ಲದ ಭಾಷೆಯಲ್ಲಿ, ಒಬ್ಬ ಹಾಸ್ಯನಟನಿಗಾಗಿ ಮತ್ತೆ ಗಂಟಲು ಪಲ್ಟಿ ಹೊಡೆಸಿದರು! ಅದನ್ನು ಅವರು ಕೀಳು ಕೆಲಸ ಅಂದುಕೊಂಡಿರಲಿಲ್ಲ ಅನ್ನುವುದು ಹಾಡು ಕೇಳಿದರೇ ಗೊತ್ತಾಗುತ್ತದೆ. ಕಿಶೋರ್ 1987ರಲ್ಲಿ ಹೋದರು, ದ್ವಾರಕೀಶ್ 2024ರಲ್ಲಿ. ಹಾಡು ಪೆಂಡಾಲುಗಳಲ್ಲಿ ಇನ್ನೂ ಕುಣಿಯುತ್ತಿದೆ.

ನಮ್ಮ ಕಡೆಯ ಮಾತೂ ಹೇಳಬೇಕು. ಅಣ್ಣಾವ್ರು ಮೊದಲೂ ಅಲ್ಲೊಂದು ಇಲ್ಲೊಂದು ಹಾಡಿದ್ದರು. ಪೂರಾ ಹಿನ್ನೆಲೆ ಗಾಯಕರಾದದ್ದು ಮಾತ್ರ 1974ರ ‘ಸಂಪತ್ತಿಗೆ ಸವಾಲ್’ ನಂತರ. ಬಾಗಿಲು ತೆರೆದದ್ದು ಭಕ್ತಿಗೀತೆಯಲ್ಲ, ಪ್ರೇಮಗೀತೆಯಲ್ಲ. ಎಮ್ಮೆ ಮೇಲೆ ಕೂತು ಹೇಳುವ ಹಳ್ಳಿ ಹಾಡು! ಜಿ.ಕೆ. ವೆಂಕಟೇಶ್ ಅವರ ಆ ಹಾಡಿನ ಮೇಲೆ ಗೌರವ ಇರುವವರು ನಮ್ಮ ದಾದಾನನ್ನು ‘ಐಟಂ’ ಅನ್ನಬಾರದು. ನಾನು ಅನ್ನಗೊಡುವುದಿಲ್ಲ.

ಹೋದ ತಿಂಗಳು ‘ರಾಗಿಣಿ’ಯದು ಒಂದು, ‘ಆರಾಧನಾ’ದ್ದು ಒಂದು ಹಾಡು ಅವನ ಮೊಬೈಲಿಗೆ ಕಳಿಸಿ, ಇಸವಿ ಬರೆದೆ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಆ ಎಮ್ಮೆ ಕೂಗುವ ದಿಬ್ಬದ ಮೇಲೆಯೇ. ಅಲ್ಲಿಂದಲೇ ಫೋನ್ ಮಾಡಿದ.

‘ಐವತ್ತೆಂಟು, ಅರವತ್ತೊಂಬತ್ತು. ಹನ್ನೊಂದು ವರ್ಷ ಆತಲ್ಲೋ ತಮ್ಮಾ. ಅಲ್ಲೀತನಕ ಮನೀ ಹೆಂಗ ನಡೀತು ಅವರ್ದು?’

ಸಿನಿಮಾದಲ್ಲಿ ಹೀರೋ ಆಗಿ ದುಡಿಯುತ್ತಿದ್ದರು, ಅಣ್ಣ ಅಶೋಕ್ ಕುಮಾರ್ ದೊಡ್ಡ ಸ್ಟಾರ್ ಆಗಿದ್ದರು ಅಂದೆ. ದಾದಾ ‘ಹೂಂ’ ಅಂದ. ಅವನಿಗಿರುವುದು ಪುಟಕ್ಕಿಷ್ಟು ಅಂತ ಬರೆಯುವ ಈ ತಮ್ಮ.

ಈ ಚೌತಿಗೆ ಎರಡು ಪೆಂಡಾಲು ಒಪ್ಪಿದ್ದಾನೆ. ಒಂದರಲ್ಲಿ ದುಃಖದ ಹಾಡಿಗೂ ಹೂಂ ಅಂದಿದ್ದಾರಂತೆ, ಕೊನೆಗೆ, ಜನ ಎದ್ದು ಹೋಗುವ ಹೊತ್ತಿಗೆ. ಗೋವಾದವರು ದೀಪಾವಳಿವರೆಗೆ ಕಾಯುತ್ತಾರೆ.