ಉತ್ತರದ ಕಿಟಕಿ

ಚಿಕ್ಕಜಾಲ, 2025 ಏಪ್ರಿಲ್ 20, ಭಾನುವಾರ

ಮೇಷ್ಟ್ರ ದಂಪತಿ ಬಂದಿದ್ದರು. ಅವರ ಮೂವತ್ತು ನಲವತ್ತರ ಸೈಟಿನ ಮನೆಯನ್ನು ದೊಡ್ಡ ಪರದೆಗೆ ಹಾಕಿ ತೋರಿಸಿದೆ. ಸಂಜೆಬಿಸಿಲು, ಹುಲ್ಲುಹಾಸು, ಬಾಗಿಲಲ್ಲಿ ಯಾರೋ ಗುರುತಿಲ್ಲದ ಸುಂದರಿ. “ಚೆನ್ನಾಗಿದೆ ಕಣಮ್ಮ” ಅಂದರು ಮೇಷ್ಟ್ರು. ಅವರ ಹೆಂಡತಿ, ನಾನು ಅಮ್ಮ ಅನ್ನುವವರು, ತುಟಿ ಬಿಚ್ಚಲಿಲ್ಲ. ಇಂಥ ಕಂಪ್ಯೂಟರ್ ಚಿತ್ರ, ಅಂದರೆ ರೆಂಡರ್, ನೋಡಿ ಯಾರೂ ಜಗಳಕ್ಕೆ ಬರುವುದಿಲ್ಲ, ನನಗೆ ಅದರ ಮೇಲಿರುವ ಗುಮಾನಿಯೇ ಅದು. ಆಗಲೇ ಗೃಹಪ್ರವೇಶ ಮುಗಿದ ಮನೆಯ ಫೋಟೋದ ಹಾಗಿರುತ್ತದೆ. ಗೋಡೆ ಆಚೆ ಸರಿಸಿ ಅನ್ನಲು ಬಾಯಿ ಬರುವುದಿಲ್ಲ.

ಮೇಷ್ಟ್ರಿಗೆ ಬೆಂಗಳೂರು ಏರ್‌ಪೋರ್ಟಿನ ಎರಡನೇ ಟರ್ಮಿನಲ್‌ನಲ್ಲಿ ನೋಡಿದ ಬಿದಿರಿನ ಚಾವಣಿ ಬೇಕಂತೆ. ಅಲ್ಲಿ ಭಾರ ಹೊರುವುದು ಉಕ್ಕು, ಬಿದಿರು ಅದರ ಹೊದಿಕೆ. ಪರದೆಯಲ್ಲಿ ಹೊರುವುದಕ್ಕೂ ಹೊದಿಕೆಗೂ ಒಂದೇ ಬಣ್ಣ ಬಳಿದರೆ ಮುಗಿಯಿತು.

ರಾತ್ರಿ ಸನ್‌ಬೋರ್ಡ್ ಕತ್ತರಿಸಿ ಮನೆಯ ಪುಟ್ಟ ಮಾದರಿ ಮಾಡಲು ಕೂತೆ. 1:50 ಅಳತೆ. ಇಡೀ ಸೈಟು 18 ಸೆಂ.ಮೀ.ಗೆ 24. ಚಾವಣಿ ಅಂಟಿಸಲಿಲ್ಲ.

ಏಪ್ರಿಲ್ 23

ಅಮ್ಮ ಒಬ್ಬರೇ ಬಂದರು. ಚಾವಣಿ ಎತ್ತಿಟ್ಟು, ಎರಡು ಬೆರಳಲ್ಲಿ ಅಡುಗೆಮನೆಯಿಂದ ದೇವರಮನೆಗೆ, ಅಲ್ಲಿಂದ ಹಿತ್ತಿಲಿಗೆ ನಡೆದು ನೋಡಿದರು. “ಪಾತ್ರೆ ತೊಳೆಯೋಳು ದಿನಾ ಹಾಲ್ ದಾಟಿಕೊಂಡು ಬರಬೇಕಾ?” ಕಟರ್ ತೆಗೆದು ಅಡುಗೆಮನೆಯ ಗೋಡೆಗೆ ಅವರ ಎದುರೇ ಬಾಗಿಲು ಕೊರೆದೆ. ಮತ್ತೆ ಮೂರು ತಕರಾರು ಬಂದವು, ಮೂರೂ ನ್ಯಾಯವಾದವು.

ವಾಸ್ತುಶಿಲ್ಪಿ ಗೌಡಿ ನೆನಪಾದ. ಬಾರ್ಸಿಲೋನಾ ಹತ್ತಿರದ ಕೊಲೋನಿಯಾ ಗ್ಯುಯೆಲ್ ಚರ್ಚಿಗಾಗಿ ವರ್ಷಗಟ್ಟಲೆ ದಾರಗಳನ್ನು ಇಳಿಬಿಟ್ಟು, ಸೀಸದ ಗುಂಡಿನ ಪುಟ್ಟ ಚೀಲ ಕಟ್ಟಿ ತೂಗಿಸಿದವನು. ತೂಗುವ ದಾರದಲ್ಲಿ ಬರೀ ಎಳೆತ; ಅದೇ ಆಕಾರವನ್ನು ತಲೆಕೆಳಗು ಮಾಡಿ ಕಲ್ಲಲ್ಲಿ ಕಟ್ಟಿದರೆ ಬರೀ ಒತ್ತಡ, ಕಮಾನು ನಿಲ್ಲುತ್ತದೆ. ಆ ಮಾದರಿ ಗಿರಾಕಿಗೆ ತೋರಿಸಲು ಮಾಡಿದ್ದಲ್ಲ, ಅದೇ ಲೆಕ್ಕ ಹಾಕುತ್ತಿತ್ತು.

ಏಪ್ರಿಲ್ 25, ಶುಕ್ರವಾರ

ನೆರಳಿಲ್ಲದ ಮಧ್ಯಾಹ್ನ. ಬೆಂಗಳೂರಿನ ನಡುಭಾಗಕ್ಕೆ ಅದು ನಿನ್ನೆ; ನಾವು ಸುಮಾರು 20 ಕಿ.ಮೀ. ಉತ್ತರಕ್ಕಿರುವುದರಿಂದ ಇವತ್ತು. 12 ಗಂಟೆ 18 ನಿಮಿಷದ ಹೊತ್ತಿಗೆ ತಾರಸಿಯ ಮೇಲಿಟ್ಟ ಮಾದರಿಯ ಗೋಡೆಗಳೆಲ್ಲ ತಮ್ಮ ನೆರಳನ್ನು ಬುಡದಲ್ಲೇ ನುಂಗಿಕೊಂಡವು. ಇನ್ನು ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನಮಗೆ ಉತ್ತರಕ್ಕೆ.

ಮನೆ ಕಟ್ಟುವ ಮೇಸ್ತ್ರಿಗೆ ಇದನ್ನೇ ತೋರಿಸಬೇಕಿತ್ತು. ಉತ್ತರ ಕುಬೇರನ ದಿಕ್ಕು, ತಂಪು, ದೊಡ್ಡ ಗಾಜು ಇಡೋಣ ಅಂತ ಮೇಷ್ಟ್ರ ಜೊತೆ ಅವರದೂ ಹಟ. ಮಾದರಿಯ ತಳಹಲಗೆಗೆ 13 ಡಿಗ್ರಿ ಅಕ್ಷಾಂಶದ ಬಿಸಿಲುಗಡಿಯಾರದ ಹಾಳೆ ಅಂಟಿಸಿ ಗುಂಡುಸೂಜಿ ನಿಲ್ಲಿಸಿದೆ. ಹಲಗೆ ವಾಲಿಸುತ್ತಾ ಹೋದರೆ ಸೂಜಿಯ ನೆರಳಿನ ತುದಿ ಬೇಕಾದ ದಿನ, ಬೇಕಾದ ಗಂಟೆಯ ಗೆರೆಗೆ ಬರುತ್ತದೆ. ಆಗ ಮನೆಯೊಳಗೆ ಬಿದ್ದದ್ದು ಆ ಹೊತ್ತಿನದೇ ಬಿಸಿಲು. ಮೇಸ್ತ್ರಿ ಎರಡೂ ಕೈಯಲ್ಲಿ ಹಿಡಿದು ಜೂನ್ 21ರ ಬೆಳಗ್ಗೆ 8ಕ್ಕೆ ತಂದರು. ಬಿಸಿಲು ಉತ್ತರದ ಕಿಟಕಿಯಲ್ಲಿ ಓರೆಯಾಗಿ ನುಗ್ಗಿತು. “ಸಜ್ಜಾ ಉದ್ದ ಮಾಡಿದ್ರೆ ನಿಲ್ಲಲ್ವಾ ಮೇಡಂ?” ರಟ್ಟಿನ ಸಜ್ಜಾ ಇಟ್ಟು ಅವರೇ ನೋಡಿದರು, ನಿಲ್ಲಲಿಲ್ಲ. ಕಿಟಕಿಯ ಪೂರ್ವದ ಅಂಚಿಗೆ 2 ಅಡಿಯ ರೆಕ್ಕೆಗೋಡೆ ನಿಲ್ಲಿಸಿದಾಗ 4 ಅಡಿ ಗಾಜು ಪೂರ್ತಿ ನೆರಳಿಗೆ ಬಂತು.

ಸ್ಕೆಚಪ್‌ನಲ್ಲಿ ಊರು ಕೊಟ್ಟು ತಾರೀಕು ಎಳೆದರೆ ಇದೇ ನೆರಳು ಕ್ಷಣದಲ್ಲಿ ಬರುತ್ತದೆ. ಹೋದ ವಾರವೇ ಮೇಸ್ತ್ರಿಗೆ ತೋರಿಸಿದ್ದೆ. “ಕಂಪ್ಯೂಟರಲ್ಲಿ ಏನು ಬೇಕಾದ್ರೂ ಮಾಡಬಹುದು” ಅಂದಿದ್ದರು.

ಏಪ್ರಿಲ್ 29

ಸ್ಟ್ರಕ್ಚರಲ್ ಎಂಜಿನಿಯರ್ ತಮ್ಮ 3ಡಿ ಫೈಲ್ ಕಳಿಸಿದ್ದಾರೆ. ಬೀಮು, ಮೆಟ್ಟಿಲು, ಪೈಪು ಎಲ್ಲ ಒಂದರ ಮೇಲೊಂದು ಕೂರಿಸಿದರೆ ಲ್ಯಾಂಡಿಂಗ್ ಮೇಲಿನ ಬೀಮ್ ಸರಿಯಾಗಿ ಮೇಷ್ಟ್ರ ಹಣೆಗೆ ಬರುತ್ತದೆ. ಸನ್‌ಬೋರ್ಡಿನಲ್ಲಿ ಬೀಮೂ ಇಲ್ಲ, ಪೈಪೂ ಇಲ್ಲ; ಈ ಕೆಲಸಕ್ಕೆ ಪರದೆಯೇ ಸೈ. ಮೆಟ್ಟಿಲನ್ನು 9 ಇಂಚು ಹಿಂದಕ್ಕೆ ತಳ್ಳಬೇಕು. ತಳ್ಳಿದರೆ ಅಮ್ಮನ ಹೊಸ ಬಾಗಿಲು ಕಿರಿದಾಗುತ್ತದೆ. ನಾಳೆ ಅವರಿಗೆ ಫೋನ್ ಮಾಡಬೇಕು, ಬರುವ ಮುಂಚೆ ಹೊಸ ಬ್ಲೇಡು ತರಿಸಬೇಕು.