ಹೊಸ ತಗಡಿಗೆ ಬಣ್ಣ ನಿಲ್ಲಂಗಿಲ್ಲ

ವಿಜಯಪುರ ಸೀಮೆಯ ನಮ್ಮೂರು ಸಾರವಾಡದಲ್ಲಿ ಮಣ್ಣಿನ ಮಾಳಿಗೆಗಳು ಒಂದೊಂದಾಗಿ ಇಳಿದು, ಆ ಜಾಗಕ್ಕೆ ಪತ್ರಾಸಿನ ತಗಡು ಏರಿದ್ದನ್ನು ನಮ್ಮ ತಲೆಮಾರಿನವರು ಕಣ್ಣಾರೆ ಕಂಡಿದ್ದೇವೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹೊರುವುದು ತಪ್ಪಿತೆಂದು ಮನೆಮಂದಿಗೆ ಸಮಾಧಾನ. ಬೇಸಿಗೆಯಲ್ಲಿ ಒಳಗೆ ಕೂರಲಾಗದೆಂಬುದು ಆಮೇಲೆ ತಿಳಿಯಿತು. ತಗಡಿನ ಹಿಂದೆಯೇ ಬಣ್ಣದ ಕೆಲಸವೂ ಬಂತು: ಬಾಗಿಲು, ಗೇಟು, ಕಾಳಿನ ಡಬ್ಬಿ, ಕಿರಾಣಿ ಅಂಗಡಿಯ ಬೋರ್ಡು.

ಅವಸರದವರು ಫಳಫಳ ಹೊಸ ತಗಡಿಗೆ ಕೆಂಪು ಪ್ರೈಮರ್ ಬಳಿದು, ಮೇಲೆ ಹಸಿರು ಆಯಿಲ್ ಪೇಂಟ್ ಹಚ್ಚಿಸುತ್ತಿದ್ದರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅಂಚು ಏಳುತ್ತಿತ್ತು. ಉಗುರಿನಿಂದ ಎಬ್ಬಿಸಿದರೆ ಅಂಗೈಯಗಲದ ಪೊರೆ ಹಸಿರು, ಕೆಂಪು ಎರಡೂ ಕೂಡಿಯೇ ಕಿತ್ತು ಬರುತ್ತಿತ್ತು. ಒಳಗಿನ ತಗಡು ಮಾತ್ರ ತುಕ್ಕಿಲ್ಲದೆ ಬೆಳ್ಳಗೆ. ಊರವರು ಡೋಣಿ ಹೊಳೆಯ ಸವಳು ನೀರನ್ನು ಬೈದರು. ಪಾಪ, ಡೋಣಿಯ ತಪ್ಪೇನೂ ಇರಲಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲೆಂದು ಬಳಿದ ಸತುವು ಆಯಿಲ್ ಪೇಂಟಿನ ಎಣ್ಣೆಯೊಡನೆ ಸೇರಿ ನಡುವೆ ಸಾಬೂನಿನಂಥ ಪದರ ಕಟ್ಟುತ್ತದೆ. ಬಣ್ಣದ ಹಿಡಿತ ತಪ್ಪುವುದು ಅಲ್ಲಿ.

ಬೋರ್ಡು ಬರೆಯುತ್ತಿದ್ದ ಪೇಂಟರ್ ಕಾಕಾಗೆ ಈ ರಸಾಯನಶಾಸ್ತ್ರ ಬೇಕಿರಲಿಲ್ಲ. “ಹೊಸ ತಗಡಿಗೆ ಬಣ್ಣ ನಿಲ್ಲಂಗಿಲ್ಲೋ ತಮ್ಮಾ, ಒಂದು ಮಳಿಗಾಲ ನೆನೀಲಿ ಬಿಡು” ಅನ್ನುತ್ತಿದ್ದರು. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿಯಮಾವಳಿಯೂ ಇದನ್ನೇ ಹೇಳುತ್ತದೆ: ಸುಮಾರು ಒಂದು ವರ್ಷ ಬಿಸಿಲು-ಮಳೆಗೆ ಬಿಟ್ಟು ಆಮೇಲೆ ಬಣ್ಣ ಹಚ್ಚಬೇಕು. ಅಷ್ಟು ಕಾಯಲಾಗದಿದ್ದರೆ ಲೀಟರ್ ಮೆದು ನೀರಿಗೆ 38 ಗ್ರಾಂ ಕಾಪರ್ ಅಸಿಟೇಟ್ ಕರಗಿಸಿ ಮೊದಲು ಬಳಿಯಬೇಕು. ನಮ್ಮ ಸವಳು ಸೀಮೆಯಲ್ಲಿ ಮೆದು ನೀರೆಂದರೆ ಹಿಡಿದಿಟ್ಟ ಮಳೆನೀರೇ ಸೈ. ಬೋರ್ಡಿನ ಗಿರಾಕಿ ಒಂದು ವಾರವೂ ಕಾಯುವವನಲ್ಲ. ಹಾಗಾಗಿ ಕಾಕಾ ತಗಡನ್ನು ಸೋಪಿನ ಪುಡಿಯಿಂದ ತಿಕ್ಕಿ, ಕಾರ್ಖಾನೆಯ ಎಣ್ಣೆಜಿಡ್ಡು ತೆಗೆದು, ಪಾಲಿಶ್ ಪೇಪರಿನಿಂದ ಹೊಳಪು ಸಾಯುವತನಕ ಉಜ್ಜುತ್ತಿದ್ದರು. ಅಕ್ಷರ ಬರೆಯುವುದಕ್ಕಿಂತ ಈ ಉಜ್ಜಾಟಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಕೂಲಿ ಮಾತ್ರ ಅಕ್ಷರಕ್ಕೆ.

ಬಳಿಕ ಬೋರ್ಡನ್ನು ಫ್ಲೆಕ್ಸ್ ನುಂಗಿತು. ಚಾವಣಿಗೆ ಕಾರ್ಖಾನೆಯಲ್ಲೇ ತೊಳೆದು, ಪ್ರೈಮರ್ ಹಚ್ಚಿ, ಬಣ್ಣವನ್ನು ಒಲೆಯಲ್ಲಿ ಕಾಯಿಸಿ ಕೂರಿಸಿದ ನೀಲಿ, ಕೆಂಪು ಶೀಟು ಬಂತು. ವಿಜಯಪುರದ ರಸ್ತೆಯಲ್ಲಿ ಈಗ ಯಾವ ಗೋದಾಮು ನೋಡಿದರೂ ಅದೇ. ಚೆಂದ ಹೌದು, ಬಾಳಿಕೆಯೂ ಹೌದು. ಆದರೆ ಕತ್ತರಿಸಿದ ಅಂಚಿಗೆ, ಮೊಳೆಯ ತೂತಿಗೆ ಆ ಬಣ್ಣವಿಲ್ಲ. ಗೀರು ಬಿದ್ದಲ್ಲಿ ಬ್ರಷ್ ಹಿಡಿಯುವ ಪೇಂಟರೂ ಊರಲ್ಲಿ ಸಿಗುವುದಿಲ್ಲ.

ಗೇಟಿಗೋ ದನದ ಶೆಡ್ಡಿಗೋ ಇನ್ನೂ ಸತು ಬಳಿದ ಬಿಳಿ ತಗಡು, ಅಂದರೆ ಜಿಐ, ತರುವವರಿಗೆ ಒಂದು ಮಾತು: ಅಂಗಡಿಯಲ್ಲಿ ಕೆಂಪು ಪ್ರೈಮರ್ ಕೇಳಬೇಡಿ, “ಜಿಐ ತಗಡಿಗೆ ಹಚ್ಚೋ ಪ್ರೈಮರ್ ಕೊಡ್ರಿ” ಅನ್ನಿ, ಹಚ್ಚುವ ಮೊದಲು ಜಿಡ್ಡು ತೊಳೆಯಿರಿ.